ಮಾರ್ಕೋವ್ನಿಕೋವ್ ನಿಯಮಕ್ಕೆ ಬೆನ್ನು ತಿರುಗಿಸಿದ ನೀಲಿ ಬೆಳಕು

ಪ್ರಥಮ ಪಿಯುಸಿಯ ಹೈಡ್ರೋಕಾರ್ಬನ್ ಪಾಠ ನೆನಪಿದೆಯಾ? ಪ್ರೊಪೀನ್‌ಗೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದರೆ ಹೈಡ್ರೋಜನ್ ಹೋಗಿ ತುದಿಯ ಕಾರ್ಬನ್‌ಗೆ ಅಂಟಿಕೊಳ್ಳುತ್ತೆ, ಬ್ರೋಮಿನ್ ನಡುವಿನ ಕಾರ್ಬನ್‌ಗೆ. ಯಾವ ಕಾರ್ಬನ್ ಹತ್ತಿರ ಮೊದಲೇ ಹೆಚ್ಚು ಹೈಡ್ರೋಜನ್ ಇದೆಯೋ ಅದಕ್ಕೇ ಇನ್ನೊಂದು ಸಿಗುತ್ತೆ. "ಇದ್ದವರಿಗೇ ಮತ್ತಷ್ಟು" ಅಂತ ನಮ್ಮಲ್ಲಿ ಹಲವರು ಇದನ್ನು ಬಾಯಿಪಾಠ ಮಾಡಿದ್ದೇವೆ. 1869ರ ಸುಮಾರಿಗೆ ರಷ್ಯಾದ ವ್ಲಾದಿಮಿರ್ ಮಾರ್ಕೋವ್ನಿಕೋವ್ ಹೇಳಿದ ನಿಯಮ ಇದು. ಅದರ ಬೆನ್ನಿಗೇ ಒಂದು ಅಪವಾದವೂ ಬರುತ್ತೆ: ಪೆರಾಕ್ಸೈಡ್ ಹಾಕಿದರೆ ಎಲ್ಲ ತಲೆಕೆಳಗು. ಆದರೆ ಹೈಡ್ರೋಜನ್ ಬ್ರೋಮೈಡ್‌ಗೆ ಮಾತ್ರ. ಕ್ಲೋರೈಡ್‌ಗೆ ಇಲ್ಲ, ಅಯೋಡೈಡ್‌ಗೂ ಇಲ್ಲ. ಸಿಇಟಿಗೆ ಓದುವಾಗ ಎಷ್ಟು ಜನ ಇದೇ ಜಾಗದಲ್ಲಿ ಎಡವಿ ಒಂದು ಮಾರ್ಕ್ಸ್ ಕಳೆದುಕೊಂಡಿದ್ದೀರೋ, ನಿಮಗೇ ಗೊತ್ತು.

ಆ ಅಪವಾದದ ಪಟ್ಟಿ ಅಷ್ಟು ಚಿಕ್ಕದಾಗಿಯೇ ಏಕೆ ಉಳಿದಿತ್ತು, ಅದನ್ನು ಉದ್ದ ಮಾಡಿದವರು ಯಾರು ಎನ್ನುವುದು ಈ ಸಲದ ಪಾಠ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಚಾಪೆಲ್ ಹಿಲ್ ಕ್ಯಾಂಪಸ್ಸಿನಲ್ಲಿರುವ ಡೇವಿಡ್ ನೈಸ್‌ವಿಚ್ ಎಂಬ ರಸಾಯನ ವಿಜ್ಞಾನಿ ಮತ್ತು ಅವರ ಗುಂಪು.

ಈ ಲೇಖನ ಶುರುವಾಗಿದ್ದು ಒಂದು ಸೆಮಿನಾರ್ ತಯಾರಿಯಿಂದ. "ಒಬ್ಬ ಸಂಶೋಧಕರ ಪ್ರಭಾವ" ಅನ್ನುವ ವಿಷಯ ನಮ್ಮ ಗುಂಪಿಗೆ ಬಂತು. ನಾವು ಮಾಡಿದ ಮೊದಲ ಕೆಲಸ ಎಲ್ಲರೂ ಮಾಡುವಂಥದ್ದೇ: ಲ್ಯಾಪ್‌ಟಾಪ್ ತೆರೆದು ಸೈಟೇಶನ್ ಎಷ್ಟು, ಎಚ್-ಇಂಡೆಕ್ಸ್ ಎಷ್ಟು ಅಂತ ನೋಡಿ ಎರಡು ಸ್ಲೈಡ್ ತುಂಬಿಸಿದೆವು. ರಿಹರ್ಸಲ್‌ನಲ್ಲಿ ಕೂತಿದ್ದ ಮೇಡಂ ಒಂದೇ ಪ್ರಶ್ನೆ ಕೇಳಿದರು: "ಸರಿ, ಇವರು ಈ ಕೆಲಸ ಮಾಡದೇ ಇದ್ದಿದ್ರೆ ಇವತ್ತು ಯಾರಿಗೆ ಏನು ಮಾಡೋಕೆ ಆಗ್ತಿರಲಿಲ್ಲ?" ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ಎರಡು ಸ್ಲೈಡ್ ತೆಗೆದು ಹಾಕಿ ಮೊದಲಿನಿಂದ ಓದಲು ಕೂತೆವು. ನಮ್ಮಲ್ಲೇ ಇಬ್ಬರು ಮುಂದೆ ಸಂಶೋಧನೆಗೆ ಹೋಗಬೇಕು ಅಂದುಕೊಂಡವರು. ಗೈಡ್‌ಗಳನ್ನು ಅಳೆಯಲು ಅವರ ಕೈಯಲ್ಲಿ ಇದ್ದದ್ದೂ ಅದೇ ಎರಡು ಅಂಕಿ. ಹಾಗಾಗಿ ಪ್ರಶ್ನೆ ಸೆಮಿನಾರ್ ಮಾರ್ಕ್ಸ್‌ಗಿಂತ ಸ್ವಲ್ಪ ದೊಡ್ಡದೇ ಆಗಿತ್ತು.

ಬೆಳಕಿನಿಂದ ರಸಾಯನ ಕ್ರಿಯೆ

ಮೊದಲಿಗೆ ಒಂದು ಗೊಂದಲ ತೆಗೆಯೋಣ. ಫೋಟೋಕ್ಯಾಟಲಿಸಿಸ್ ಅಂದ ಕೂಡಲೇ ಎಂಜಿನಿಯರಿಂಗ್‌ನವರಿಗೆ ನೆನಪಾಗೋದು ಟೈಟಾನಿಯಂ ಡೈಆಕ್ಸೈಡ್, ನೀರಿನ ಶುದ್ಧೀಕರಣ, ತನ್ನನ್ನು ತಾನೇ ತೊಳೆದುಕೊಳ್ಳುವ ಗಾಜು. ಅಲ್ಲಿ ವೇಗವರ್ಧಕ ಒಂದು ಘನ ಅರೆವಾಹಕ. ಇಲ್ಲಿ ನಾವು ಹೇಳುತ್ತಿರುವುದು ದ್ರಾವಣದಲ್ಲಿ ಕರಗಿರುವ ಒಂದು ಬಣ್ಣದ ಅಣುವಿನ ಬಗ್ಗೆ. ಅದು ಬೆಳಕು ಹೀರಿಕೊಂಡು, ಪಕ್ಕದ ಅಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತೆ ಅಥವಾ ಅದಕ್ಕೆ ಒಂದನ್ನು ಕೊಡುತ್ತೆ, ಆಮೇಲೆ ಮೊದಲಿನ ಸ್ಥಿತಿಗೆ ಮರಳುತ್ತೆ. ಆ ಬಣ್ಣದ ಅಣುವಿನಲ್ಲಿ ಲೋಹ ಇಲ್ಲದೆ ಬರೀ ಕಾರ್ಬನ್, ಹೈಡ್ರೋಜನ್, ನೈಟ್ರೋಜನ್ ಥರದವೇ ಇದ್ದರೆ ಅದು ಸಾವಯವ ಫೋಟೋಕ್ಯಾಟಲಿಸ್ಟ್.

ಬೆಳಕೇ ಯಾಕೆ, ಬಿಸಿ ಮಾಡಿದರೆ ಸಾಲದಾ? ಲೆಕ್ಕ ಹಾಕಿ ನೋಡಿ. 450 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕಿನ ಒಂದು ಮೋಲ್ ಫೋಟಾನ್‌ಗಳಲ್ಲಿ ಸುಮಾರು 266 ಕಿಲೋಜೂಲ್ ಶಕ್ತಿ ಇರುತ್ತೆ. ಕೋಣೆಯ ಉಷ್ಣತೆಯಲ್ಲಿ, ನಮ್ಮ ಹಳೆಯ ಆರ್‌ಟಿ ಪದದ ಪ್ರಕಾರ, ಮೋಲ್‌ಗೆ ಸಿಗುವ ಉಷ್ಣಶಕ್ತಿ ಸುಮಾರು 2.5 ಕಿಲೋಜೂಲ್. ನೂರು ಪಟ್ಟು ವ್ಯತ್ಯಾಸ. ಅದಕ್ಕಿಂತ ಮುಖ್ಯ ವಿಷಯ ಬೇರೆ. ಒಲೆಯ ಮೇಲಿಟ್ಟರೆ ಪಾತ್ರೆಯಲ್ಲಿರುವ ಎಲ್ಲ ಅಣುಗಳೂ ಬಿಸಿಯಾಗ್ತವೆ, ಬೇಕಾದ್ದೂ ಬೇಡದ್ದೂ. ನೀಲಿ ಬೆಳಕು ಬಿಟ್ಟರೆ ಬಣ್ಣ ಇರುವ ಅಣು ಮಾತ್ರ ಅದನ್ನು ಹೀರುತ್ತೆ, ಬಣ್ಣವಿಲ್ಲದ ಉಳಿದವಕ್ಕೆ ಗೊತ್ತೇ ಆಗಲ್ಲ.

ಈ ಆಸೆ ಹೊಸದೇನಲ್ಲ. ಇಟಲಿಯ ಬೊಲೊನ್ಯದಲ್ಲಿ ಜಾಕೊಮೊ ಚಾಮಿಚನ್ ಎಂಬ ಪ್ರಾಧ್ಯಾಪಕರು ಬಿಸಿಲಿಗೆ ಗಾಜಿನ ಬುರುಡೆಗಳನ್ನು ಸಾಲಾಗಿ ಇಟ್ಟು ವರ್ಷಗಟ್ಟಲೆ ಪ್ರಯೋಗ ಮಾಡಿದ್ದರು. 1912ರಲ್ಲಿ ನ್ಯೂಯಾರ್ಕ್‌ನಲ್ಲಿ ಮಾತಾಡುತ್ತಾ, ಕಲ್ಲಿದ್ದಲಿನ ಕಾಲ ಮುಗಿದ ಮೇಲೆ ರಸಾಯನ ಉದ್ಯಮ ಸೂರ್ಯನ ಬೆಳಕಿನ ಮೇಲೆ ನಡೆಯಬಹುದು ಎಂಬ ಚಿತ್ರ ಕೊಟ್ಟರು. ಆದರೆ ಹೆಚ್ಚಿನ ಸಾವಯವ ಅಣುಗಳು ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದೇ ಇಲ್ಲ. ಹಾಗಾಗಿ ನೇರಳಾತೀತ ದೀಪ ಬೇಕಾಗ್ತಿತ್ತು, ಅದು ಬಿದ್ದರೆ ಬೇಕಿಲ್ಲದ ಬಂಧಗಳೂ ಮುರಿದುಹೋಗ್ತಿದ್ದವು.

ಮಧ್ಯೆ ಒಬ್ಬ ದಲ್ಲಾಳಿ ಇದ್ದರೆ ಈ ತೊಂದರೆ ಇಲ್ಲ. ಬೆಳಕು ಹೀರುವ ಕೆಲಸ ಅವನದು, ಎಲೆಕ್ಟ್ರಾನ್ ವ್ಯವಹಾರವೂ ಅವನದೇ. ರುಥೇನಿಯಂ ಲೋಹದ ಸುತ್ತ ಮೂರು ಬೈಪಿರಿಡಿನ್ ಅಣುಗಳು ಕೂತಿರುವ ಒಂದು ಕಿತ್ತಳೆ ಬಣ್ಣದ ಸಂಯುಕ್ತ ಇಂಥ ದಲ್ಲಾಳಿ. ಅದು ಭೌತರಸಾಯನದವರಿಗೆ ಮೊದಲೇ ಗೊತ್ತಿತ್ತು, ಸಾವಯವ ಕ್ರಿಯೆಗಳಲ್ಲೂ ಕೆಲವರು ಅಲ್ಲಲ್ಲಿ ಬಳಸಿದ್ದರು. ಎಲ್ಲರ ಕಣ್ಣಿಗೆ ಬಿದ್ದದ್ದು 2008ರಲ್ಲಿ. ಆ ವರ್ಷ ವಿಸ್ಕಾನ್ಸಿನ್‌ನಲ್ಲಿ ಟೆಶಿಕ್ ಯೂನ್ ಅವರ ಗುಂಪು ಒಂದು ಲೇಖನ ಪ್ರಕಟಿಸಿತು. ಪ್ರಿನ್ಸ್‌ಟನ್‌ನಲ್ಲಿ ಡೇವಿಡ್ ಮ್ಯಾಕ್‌ಮಿಲನ್ ಮತ್ತು ಅವರ ಹತ್ತಿರ ಪೋಸ್ಟ್‌ಡಾಕ್ ಆಗಿದ್ದ ನೈಸ್‌ವಿಚ್ 'ಸೈನ್ಸ್' ಪತ್ರಿಕೆಯಲ್ಲಿ ಇನ್ನೊಂದನ್ನು ಪ್ರಕಟಿಸಿದರು. ಮುಂದಿನ ವರ್ಷ ಕೋರಿ ಸ್ಟೀಫನ್‌ಸನ್ ಗುಂಪು ಮೂರನೆಯದನ್ನು ಸೇರಿಸಿತು. ಪ್ರಿನ್ಸ್‌ಟನ್ ಪ್ರಯೋಗದಲ್ಲಿ ಬಳಸಿದ ದೀಪ 15 ವ್ಯಾಟಿನ ಸಾಧಾರಣ ಫ್ಲೋರೊಸೆಂಟ್ ಬಲ್ಬ್.

ಇಲ್ಲಿ ಒಂದು ಉಪಮಾತು. ಮ್ಯಾಕ್‌ಮಿಲನ್ ಅವರಿಗೆ 2021ರಲ್ಲಿ ಬೆಂಜಮಿನ್ ಲಿಸ್ಟ್ ಜೊತೆ ನೊಬೆಲ್ ಬಂತಲ್ಲ, ಅದು ಈ ಬೆಳಕಿನ ಕೆಲಸಕ್ಕೆ ಅಲ್ಲ. ಚಿಕ್ಕ ಸಾವಯವ ಅಣುಗಳನ್ನು ವೇಗವರ್ಧಕವಾಗಿಸಿ ಎಡಗೈ-ಬಲಗೈ ರೂಪಗಳಲ್ಲಿ ಬೇಕಾದ್ದನ್ನಷ್ಟೇ ತಯಾರಿಸುವ ವಿಧಾನಕ್ಕೆ. 2008ರ ಲೇಖನ ಆ ಎರಡನ್ನೂ ಜೋಡಿಸಿತ್ತು. ನಮ್ಮ ಮೊದಲ ಸ್ಲೈಡಿನಲ್ಲಿ ನಾವೂ ಇದನ್ನು ತಪ್ಪಾಗಿಯೇ ಬರೆದಿದ್ದೆವು.

ದಲ್ಲಾಳಿ ಬದಲಾದ ಕಥೆ

2009ರಲ್ಲಿ ನೈಸ್‌ವಿಚ್ ತಾವು ಪಿಎಚ್‌ಡಿ ಮಾಡಿದ್ದ ಚಾಪೆಲ್ ಹಿಲ್‌ಗೇ ಅಧ್ಯಾಪಕರಾಗಿ ಮರಳಿದರು. ಆಗ ಎಲ್ಲರೂ ರುಥೇನಿಯಂ, ಇರಿಡಿಯಂ ಹಿಂದೆ ಬಿದ್ದಿದ್ದರು. ಎರಡೂ ಅಪರೂಪದ ಲೋಹಗಳು, ಬಹುಪಾಲು ಪ್ಲಾಟಿನಂ ಗಣಿಗಾರಿಕೆಯ ಜೊತೆಗೆ ಸಿಗುವಂಥವು. ಗೆದ್ದ ಎತ್ತಿನ ಬಾಲ ಹಿಡಿದು ಗುರುಗಳ ದಾರಿಯಲ್ಲೇ ಹೋಗಿದ್ದರೂ ಲೇಖನಗಳೇನೂ ಕಡಿಮೆಯಾಗ್ತಿರಲಿಲ್ಲ. ಅವರು ಕೈಗೆತ್ತಿಕೊಂಡದ್ದು ಲೋಹವೇ ಇಲ್ಲದ ಅಕ್ರಿಡಿನಿಯಂ ಎಂಬ ಹಳದಿ ಬಣ್ಣದ ಲವಣವನ್ನು.

ಬೆಲೆ ಕಡಿಮೆ ಅನ್ನೋದು ಕಾರಣದ ಅರ್ಧ ಭಾಗ ಅಷ್ಟೇ. ಇನ್ನರ್ಧ ವೋಲ್ಟೇಜಿನಲ್ಲಿದೆ. ಬೆಳಕು ಹೀರಿದ ರುಥೇನಿಯಂ ಸಂಯುಕ್ತಕ್ಕೆ ಬೇರೆ ಅಣುವಿನಿಂದ ಎಲೆಕ್ಟ್ರಾನ್ ಕೀಳುವ ಬಲ, ಕ್ಯಾಲೊಮೆಲ್ ಎಲೆಕ್ಟ್ರೋಡಿಗೆ ಹೋಲಿಸಿದರೆ, ಸುಮಾರು 0.8 ವೋಲ್ಟ್. ಸಾಮಾನ್ಯ ಆಲ್ಕೀನ್‌ಗಳಿಗೆ ಅದು ಏನೇನೂ ಸಾಲದು. ಅವುಗಳಿಂದ ಎಲೆಕ್ಟ್ರಾನ್ ತೆಗೆಯಲು 1.5 ವೋಲ್ಟ್, ಕೆಲವಕ್ಕೆ 2 ವೋಲ್ಟಿನ ಹತ್ತಿರ ಬೇಕು. ಬೆಳಕು ಬಿದ್ದ ಅಕ್ರಿಡಿನಿಯಂ ಬಲ 2 ವೋಲ್ಟ್ ದಾಟುತ್ತೆ.

ಈ ಅಣು ನೈಸ್‌ವಿಚ್ ಕಂಡುಹಿಡಿದದ್ದಲ್ಲ, ಅದನ್ನು ಹೇಳದಿದ್ದರೆ ಅನ್ಯಾಯ. 2004ರಲ್ಲಿ ಜಪಾನಿನ ಒಸಾಕಾದಲ್ಲಿ ಶುನಿಚಿ ಫುಕುಜುಮಿ ಅವರ ಗುಂಪು ದ್ಯುತಿಸಂಶ್ಲೇಷಣೆಯನ್ನು ಅನುಕರಿಸಲು ಹೊರಟು, ಅಕ್ರಿಡಿನಿಯಂ ಉಂಗುರಕ್ಕೆ ಮೆಸಿಟಿಲ್ ಎಂಬ ದಪ್ಪ ಗುಂಪನ್ನು ಅಡ್ಡಲಾಗಿ ಜೋಡಿಸಿದ ಅಣುವನ್ನು ವರದಿ ಮಾಡಿತ್ತು. ಬೆಳಕು ಬಿದ್ದ ಮೇಲೆ ಅದರೊಳಗೆ ವಿದ್ಯುದಾವೇಶಗಳು ಬೇರೆಯಾಗಿ ತುಂಬಾ ಹೊತ್ತು ಹಾಗೇ ಉಳಿಯುತ್ತವೆ ಎಂದು ಅವರು ಹೇಳಿದರು. ಇಲ್ಲ, ಹಾಗಾಗೋದಿಲ್ಲ ಎಂದು ಬೇರೆ ಗುಂಪುಗಳು ವಾದಿಸಿದವು. ಜಗಳ ವರ್ಷಗಟ್ಟಲೆ ನಡೆಯಿತು. ತಮಾಷೆ ಏನಪ್ಪಾ ಅಂದ್ರೆ, ಆ ವಾದ ತೀರುವ ಮೊದಲೇ ಅಣು ಕೆಲಸಕ್ಕೆ ಹತ್ತಿಬಿಟ್ಟಿತ್ತು.

ಲೋಹ ಬಿಟ್ಟ ದಾರಿಯಲ್ಲಿ ನೈಸ್‌ವಿಚ್ ಒಬ್ಬರೇ ಇರಲಿಲ್ಲ ಕೂಡ. 2011ರಲ್ಲಿ ಜರ್ಮನಿಯಲ್ಲಿ ಕಿರ್ಸ್ಟನ್ ಜೈಟ್ಲರ್ ಮತ್ತು ಬುರ್ಖಾರ್ಡ್ ಕೋನಿಗ್ ಅವರ ತಂಡ, ಪ್ರಿನ್ಸ್‌ಟನ್‌ನ ಅದೇ ಕ್ರಿಯೆಯನ್ನು ರುಥೇನಿಯಂ ಬದಲು ಇಯೋಸಿನ್ ವೈ ಹಾಕಿ ಮಾಡಿ ತೋರಿಸಿತು. ಇಯೋಸಿನ್ ಅಂದರೆ ಪೆಥಾಲಜಿ ಲ್ಯಾಬಿನಲ್ಲಿ ಜೀವಕೋಶಗಳಿಗೆ ಗುಲಾಬಿ ಬಣ್ಣ ಕೊಡುವ ಅದೇ ಡೈ.

ಯಾರು ಮೊದಲು ಬರ್ತಾರೆ?

ಈಗ ಮತ್ತೆ ಮಾರ್ಕೋವ್ನಿಕೋವ್ ಹತ್ತಿರ ಹೋಗೋಣ. ಇದೇ ಈ ಪಾಠದ ತಿರುಳು, ಸ್ವಲ್ಪ ನಿಧಾನವಾಗಿ ಓದಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡರೆ ಒಳ್ಳೇದು.

ಆಸಿಡ್ ಜೊತೆ ಆಲ್ಕೀನ್ ಸೇರಿದಾಗ ಮೊದಲು ಬರುವುದು ಪ್ರೋಟಾನ್. ಅದು ದ್ವಿಬಂಧದ ಎಲೆಕ್ಟ್ರಾನ್ ಜೋಡಿಯನ್ನು ಹಿಡಿದು ತುದಿಯ ಕಾರ್ಬನ್‌ಗೆ ಅಂಟಿಕೊಳ್ಳುತ್ತೆ, ಯಾಕೆಂದರೆ ಹಾಗಾದಾಗ ಧನ ಆವೇಶ ಒಳಗಿನ ಕಾರ್ಬನ್ ಮೇಲೆ ಬಂದು, ಸುತ್ತಲಿನ ಗುಂಪುಗಳ ಆಸರೆಯಲ್ಲಿ ಸ್ವಲ್ಪ ನೆಮ್ಮದಿಯಾಗಿ ಇರಬಲ್ಲದು. ಎರಡನೆಯದಾಗಿ ಬರುವ ನ್ಯೂಕ್ಲಿಯೋಫೈಲ್‌ಗೆ, ಅದು ಆಲ್ಕೋಹಾಲ್ ಆಗಿರಲಿ ಅಮೀನ್ ಆಗಿರಲಿ, ಆಯ್ಕೆ ಇಲ್ಲ; ಆವೇಶ ಎಲ್ಲಿದೆಯೋ ಅಲ್ಲಿಗೇ ಹೋಗಬೇಕು. ಅಂದರೆ ಸುಸ್ಥಿರವಾದ ಜಾಗವನ್ನು ಯಾರು ಪಡೀತಾರೆ ಅನ್ನೋದನ್ನು ತೀರ್ಮಾನಿಸೋದು ಬರುವ ಸರದಿ. ಪೆರಾಕ್ಸೈಡ್ ಹಾಕಿದಾಗ ನಡೆಯೋದೂ ಸರದಿಯ ಬದಲಾವಣೆಯೇ: ಬ್ರೋಮಿನ್ ರ‍್ಯಾಡಿಕಲ್ ಮೊದಲು ಬರುತ್ತೆ, ಹೈಡ್ರೋಜನ್ ಆಮೇಲೆ. ಈ ಸರಪಳಿ ಕ್ರಿಯೆ ಸರಾಗವಾಗಿ ಓಡಲು ಬೇಕಾದ ಶಕ್ತಿಯ ಲೆಕ್ಕ ಹೈಡ್ರೋಜನ್ ಬ್ರೋಮೈಡ್‌ಗೆ ಹೊಂದುತ್ತೆ, ಅದರ ಅಕ್ಕಪಕ್ಕದವರಿಗೆ ಹೊಂದಲ್ಲ. ಆಲ್ಕೋಹಾಲ್‌ಗಾಗಿ ಹೈಡ್ರೋಬೊರೇಶನ್ ಎಂಬ ಎರಡು ಹಂತದ ಸುತ್ತುದಾರಿ ದ್ವಿತೀಯ ಪಿಯುಸಿಯಲ್ಲಿ ಬರುತ್ತಲ್ಲ, ಅದು ಇದ್ದೇ ಇತ್ತು. ಆದರೆ ಆಲ್ಕೋಹಾಲ್, ಅಮೀನ್, ಕಾರ್ಬಾಕ್ಸಿಲಿಕ್ ಆಸಿಡ್‌ಗಳನ್ನು ಆಲ್ಕೀನ್‌ಗೆ ನೇರವಾಗಿ, ಉಲ್ಟಾ ದಿಕ್ಕಿನಲ್ಲಿ ಸೇರಿಸುವ ಸಾಮಾನ್ಯ ವಿಧಾನ ಎನ್ನುವಂಥದ್ದು ಸಿಕ್ಕಿರಲಿಲ್ಲ.

ಅಕ್ರಿಡಿನಿಯಂ ಮಾಡಿದ್ದೇನು? ಅದು ಯಾರನ್ನೂ ಸೇರಿಸುವ ಮೊದಲೇ ಆಲ್ಕೀನ್‌ನಿಂದ ಒಂದು ಎಲೆಕ್ಟ್ರಾನ್ ಕಿತ್ತಿತು. ಈಗ ಆಲ್ಕೀನ್ ಒಂದು ಕ್ಯಾಟಯಾನ್ ರ‍್ಯಾಡಿಕಲ್: ಧನ ಆವೇಶವೂ ಇದೆ, ಒಂಟಿ ಎಲೆಕ್ಟ್ರಾನೂ ಇದೆ. ಮಾಮೂಲಿಯಾಗಿ ನ್ಯೂಕ್ಲಿಯೋಫೈಲ್‌ಗಳು ಆಲ್ಕೀನ್‌ನ ಹತ್ತಿರವೂ ಸುಳಿಯಲ್ಲ, ಎರಡೂ ಕಡೆ ಎಲೆಕ್ಟ್ರಾನ್ ಸಮೃದ್ಧಿ. ಈಗ ಒಂದನ್ನು ಕಳೆದುಕೊಂಡ ಆಲ್ಕೀನ್ ಅವುಗಳನ್ನು ಕರೆಯುತ್ತೆ. ನ್ಯೂಕ್ಲಿಯೋಫೈಲ್ ಮೊದಲು ಬಂದು ತುದಿಯ ಕಾರ್ಬನ್‌ಗೆ ಅಂಟಿಕೊಳ್ಳುತ್ತೆ, ಒಂಟಿ ಎಲೆಕ್ಟ್ರಾನ್ ಒಳಗಿನ, ಹೆಚ್ಚು ಆಸರೆ ಇರುವ ಕಾರ್ಬನ್ ಮೇಲೆ ಉಳಿಯುತ್ತೆ. ಕೊನೆಗೆ ಒಂದು ಹೈಡ್ರೋಜನ್ ಪರಮಾಣು ಬಂದು ಆ ಒಂಟಿತನ ಮುಗಿಸುತ್ತೆ. ಫಲ: ಪಿಯುಸಿ ನಿಯಮಕ್ಕೆ ಸರಿಯಾಗಿ ಉಲ್ಟಾ.

ಕೊನೆಯ ಹೈಡ್ರೋಜನ್ ಪರಮಾಣುವನ್ನು ಕೊಡೋರು ಯಾರು ಅನ್ನೋದೇ ಕಷ್ಟದ ಭಾಗವಾಗಿತ್ತು. 2012ರಲ್ಲಿ ಈಥರ್‌ಗಳನ್ನು ಹೀಗೆ ತಯಾರಿಸಿದಾಗ ಒಂದು ಮ್ಯಾಲೊನೋನೈಟ್ರೈಲ್ ಸಂಯುಕ್ತ ಆ ಕೆಲಸ ಮಾಡಿತು. ಆಮೇಲೆ ಗಂಧಕವಿರುವ ಥಯೋಫೀನಾಲ್ ಥರದ ಅಣುಗಳು ಇನ್ನೂ ಚೆನ್ನಾಗಿ ಮಾಡಿದವು: ಹೈಡ್ರೋಜನ್ ಕೊಟ್ಟ ಮೇಲೆ ಉಳಿಯುವ ಗಂಧಕದ ರ‍್ಯಾಡಿಕಲ್, ಎಲೆಕ್ಟ್ರಾನ್ ಹೊತ್ತು ನಿಂತಿರುವ ಅಕ್ರಿಡಿನ್‌ನಿಂದ ಅದನ್ನು ವಾಪಸ್ ತೆಗೆದುಕೊಳ್ಳುತ್ತೆ. ಇಬ್ಬರೂ ಮೊದಲಿನ ಸ್ಥಿತಿಗೆ. ಎರಡು ಗೇರ್‌ಗಳು ಹಲ್ಲಿಗೆ ಹಲ್ಲು ಕೂಡಿ ತಿರುಗಿದ ಹಾಗೆ. ಅಮೀನ್, ಆಸಿಡ್‌ಗಳೆಲ್ಲ ಒಂದೊಂದಾಗಿ ಅಪವಾದದ ಪಟ್ಟಿಗೆ ಸೇರಿದವು.

ಒಂದು ಯೋಚನೆ, ಹಲವು ಬಾಗಿಲು

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಮುಂದಿನ ಹೆಜ್ಜೆ. ಎಲೆಕ್ಟ್ರಾನ್ ಕಿತ್ತರೆ ಬೇಡದವರು ಬೇಕಾದವರಾಗ್ತಾರೆ ಅನ್ನೋ ಯೋಚನೆ ಆಲ್ಕೀನ್‌ಗೆ ಮಾತ್ರ ಯಾಕೆ? ಬೆಂಜೀನ್ ಉಂಗುರಕ್ಕೂ ಅದೇ ಅಲ್ವಾ? ಅನಿಲೀನ್ ಮಾಡೋದು ಹೇಗೆ ಅಂತ ಕೇಳಿದರೆ ನಾವು ಹೇಳೋದು ನೈಟ್ರೇಶನ್, ಆಮೇಲೆ ರಿಡಕ್ಷನ್. ಸಲ್ಫ್ಯೂರಿಕ್ ಆಸಿಡ್, ನೈಟ್ರಿಕ್ ಆಸಿಡ್, ತವರ, ಹೊಗೆ. 2015ರಲ್ಲಿ ನೈಸ್‌ವಿಚ್ ಗುಂಪು 'ಸೈನ್ಸ್' ಪತ್ರಿಕೆಯಲ್ಲಿ, ಎಲೆಕ್ಟ್ರಾನ್ ಸಮೃದ್ಧಿ ಇರುವ ಉಂಗುರಗಳ ಕಾರ್ಬನ್-ಹೈಡ್ರೋಜನ್ ಬಂಧದ ಜಾಗಕ್ಕೆ ನೇರವಾಗಿ ನೈಟ್ರೋಜನ್ ಕೂರಿಸಿ ತೋರಿಸಿತು. ಪೈರಜೋಲ್ ಥರದ ಉಂಗುರಗಳನ್ನಷ್ಟೇ ಅಲ್ಲ, ಅಮೋನಿಯಂ ಲವಣ ಬಳಸಿ ಅಮೀನ್ ಗುಂಪನ್ನೂ. ನೀಲಿ ಎಲ್‌ಇಡಿ, ಆಮ್ಲಜನಕ, ಜೊತೆಗೆ ಟೆಂಪೋ ಎಂಬ ಸಹಾಯಕ ರ‍್ಯಾಡಿಕಲ್. ನಮ್ಮ ಲಗೇಜ್ ಟೆಂಪೋಗೂ ಇದಕ್ಕೂ ಸಂಬಂಧ ಇಲ್ಲ!

ಇದು ಸುಲಭವಾಗಿ ಆದದ್ದೂ ಅಲ್ಲ. ನ್ಯೂಕ್ಲಿಯೋಫೈಲ್‌ಗಳಿಗೆ ಬೆಂಜೀನ್ ಉಂಗುರವೂ ಒಂದೇ, ಅಕ್ರಿಡಿನಿಯಂ ಉಂಗುರವೂ ಒಂದೇ. ಅವು ವೇಗವರ್ಧಕದ ಮೇಲೇ ಬೀಳುವ ಅಪಾಯ ಇತ್ತು. ಉಂಗುರದ ಎರಡು ಕಡೆ ಟರ್ಷರಿ ಬ್ಯುಟೈಲ್ ಎಂಬ ದಪ್ಪ ಗುಂಪುಗಳನ್ನು ಕಾವಲಿಗೆ ನಿಲ್ಲಿಸಿ, ನೈಟ್ರೋಜನ್ ಮೇಲಿದ್ದ ಮೀಥೈಲ್ ತೆಗೆದು ಫೀನೈಲ್ ಕೂರಿಸಿ ಅಣುವನ್ನು ಗಟ್ಟಿ ಮಾಡಿದರು. ಎಂಜಿನಿಯರಿಂಗ್‌ನಲ್ಲಿ ಒಂದು ಭಾಗ ಎಲ್ಲಿ ಸವೆಯುತ್ತೋ ಅಲ್ಲಿ ಬಲಪಡಿಸುವ ಕೆಲಸ ಇದ್ದಂತೆಯೇ. ಇವತ್ತು ಬೇರೆ ಪ್ರಯೋಗಾಲಯಗಳು ಅಕ್ರಿಡಿನಿಯಂ ಬಾಟಲಿ ತರಿಸಿದಾಗ ಎಷ್ಟೋ ಸಲ ಬರುವುದು ಈ ಗಟ್ಟಿ ಮಾಡಿದ ಮಾದರಿಯೇ.

ಇನ್ನು 2019. ಪೆಟ್ ಸ್ಕ್ಯಾನ್ ನಮ್ಮಲ್ಲಿ ಕೆಲವರ ಮನೆಯವರಿಗೆ ಮಾಡಿಸಿದ್ದುಂಟು. ರಕ್ತನಾಳಕ್ಕೆ ಕೊಡುವ ಇಂಜೆಕ್ಷನ್‌ನಲ್ಲಿ ಸಾಮಾನ್ಯವಾಗಿ ಫ್ಲೋರಿನ್-18 ಎಂಬ ವಿಕಿರಣಶೀಲ ಪರಮಾಣು ಇರುವ ಅಣು ಇರುತ್ತೆ. ಅದರ ಅರ್ಧಾಯುಷ್ಯ ಸುಮಾರು 110 ನಿಮಿಷ. ಸೈಕ್ಲೋಟ್ರಾನ್‌ನಲ್ಲಿ ತಯಾರಾದ ಕ್ಷಣದಿಂದ ಗಡಿಯಾರ ಓಡ್ತಾ ಇರುತ್ತೆ. ಅಣುವಿಗೆ ಜೋಡಿಸಿ, ಶುದ್ಧ ಮಾಡಿ, ಗಾಡಿಯಲ್ಲಿ ಆಸ್ಪತ್ರೆಗೆ ತಲುಪಿಸುವಷ್ಟರಲ್ಲಿ 3 ಗಂಟೆ 40 ನಿಮಿಷ ಆದರೆ ಉಳಿಯೋದು ಕಾಲು ಭಾಗ. ಹಾಗಾಗಿ ಅಣು ತಯಾರಿಸುವ ಮಾರ್ಗದ ಕೊನೆಯ ಹೆಜ್ಜೆಯಲ್ಲೇ ಫ್ಲೋರಿನ್ ಸೇರಬೇಕು, ಅದೂ ಬೇಗ. ಫ್ಲೋರೈಡ್ ಒಂದು ನ್ಯೂಕ್ಲಿಯೋಫೈಲ್. ಎಲೆಕ್ಟ್ರಾನ್ ಸಮೃದ್ಧ ಉಂಗುರಗಳಿಗೆ ಅದನ್ನು ಸೇರಿಸೋದು ದೊಡ್ಡ ತಲೆನೋವು. ಮುಂಚೆಯೇ ಉಂಗುರದ ಮೇಲೆ ಬೇರೊಂದು ಗುಂಪನ್ನು ಕೂರಿಸಿ, ಅದನ್ನು ಹೊರಗೆ ತಳ್ಳುವ ಏರ್ಪಾಡು ಬೇಕು.

ನೈಸ್‌ವಿಚ್ ಅವರು ಅದೇ ವಿಶ್ವವಿದ್ಯಾಲಯದ ವಿಕಿರಣ ಚಿತ್ರಣ ತಜ್ಞ ಜಿಬೊ ಲಿ ಅವರ ಗುಂಪಿನೊಂದಿಗೆ ಸೇರಿ, ನೀಲಿ ಲೇಸರ್ ಮತ್ತು ಅಕ್ರಿಡಿನಿಯಂ ಬಳಸಿ, ಕಾರ್ಬನ್-ಹೈಡ್ರೋಜನ್ ಬಂಧ ಇರುವ ಜಾಗಕ್ಕೇ ಫ್ಲೋರಿನ್-18 ಕೂರಿಸಿದರು. ಅದೇ ಯೋಚನೆ: ಮೊದಲು ಎಲೆಕ್ಟ್ರಾನ್ ಕೀಳು, ಆಮೇಲೆ ನ್ಯೂಕ್ಲಿಯೋಫೈಲ್ ತಾನಾಗಿ ಬರುತ್ತೆ. ಆಸ್ಪತ್ರೆಗಳಲ್ಲಿ ಇವತ್ತು ಹೆಚ್ಚಾಗಿ ಬಳಸುವ ಎಫ್‌ಡಿಜಿ ಎಂಬ ಸಕ್ಕರೆ ಅಣು ಈ ವಿಧಾನದಿಂದ ಆದದ್ದಲ್ಲ, ಅದಕ್ಕೆ ಬೇರೆ ಹಳೆಯ ಮಾರ್ಗ ಇದೆ. ಇದು ಬಾಗಿಲು ತೆರೆದದ್ದು ಹೊಸ ಅಣುಗಳನ್ನು ಹುಡುಕುವವರಿಗೆ: ಔಷಧದ ಅಣುವೊಂದಕ್ಕೆ ಗುರುತು ಹಚ್ಚಿ ದೇಹದಲ್ಲಿ ಅದು ಎಲ್ಲಿ ಹೋಗುತ್ತೆ ನೋಡಬೇಕು ಅನ್ನುವವರಿಗೆ.

2020ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದದ್ದು ಇನ್ನೊಂದು ತಿರುವು. ಎಲೆಕ್ಟ್ರಾನ್ ಕಿತ್ತ ಮೇಲೆ ಅಕ್ರಿಡಿನಿಯಂ ತಾನೇ ಒಂದು ತಟಸ್ಥ ರ‍್ಯಾಡಿಕಲ್ ಆಗಿ ನಿಲ್ಲುತ್ತಲ್ಲ, ಅದನ್ನು ಎಲ್ಲರೂ ಚಕ್ರದ ಒಂದು ಮಧ್ಯದ ನಿಲ್ದಾಣ ಅಂದುಕೊಂಡಿದ್ದರು. ಅದಕ್ಕೇ 390 ನ್ಯಾನೋಮೀಟರ್ ಬೆಳಕು ಬಿಟ್ಟರೆ? ಅದು ಎಲೆಕ್ಟ್ರಾನ್ ಕೊಡುವ ಬಲ ಮೈನಸ್ 3.36 ವೋಲ್ಟ್. ಲಿಥಿಯಂ ಲೋಹದ ಸಾಲಿಗೆ ಬರುವ ಬಲ, ಅದೂ ಬೆಂಕಿ ಹೊತ್ತಿಕೊಳ್ಳುವ ಲೋಹ ಇಲ್ಲದೆ. ಕಸಿಯುವುದರಲ್ಲೂ ಮುಂದು, ಕೊಡುವುದರಲ್ಲೂ ಮುಂದು, ಅಣು ಒಂದೇ.

ಅಂಕಿ ಹೇಳೋದು, ಹೇಳದೆ ಬಿಡೋದು

ಈಗ ಆ ಎರಡು ಸ್ಲೈಡ್‌ಗಳ ವಿಚಾರ. ಎಚ್-ಇಂಡೆಕ್ಸ್ ಅನ್ನು 2005ರಲ್ಲಿ ಸೂಚಿಸಿದವರು ಜಾರ್ಜ್ ಹಿರ್ಶ್ ಎಂಬ ಭೌತವಿಜ್ಞಾನಿ. ಕನಿಷ್ಠ 20 ಸಲ ಉಲ್ಲೇಖವಾದ 20 ಲೇಖನಗಳಿದ್ದರೆ ಇಂಡೆಕ್ಸ್ 20. ಲೆಕ್ಕ ಸರಳ, ಅದಕ್ಕೇ ಎಲ್ಲ ಕಡೆ ಹಬ್ಬಿದೆ. ಆದರೆ ಅದರ ಕಣ್ಣಿಗೆ 2015ರ ಅಮೀನೇಶನ್ ಲೇಖನವೂ ಒಂದು, ಬೇರೆ ಯಾರದೋ ಕೆಲಸಕ್ಕೆ ಚಿಕ್ಕ ತಿದ್ದುಪಡಿ ಮಾಡಿದ ಲೇಖನವೂ ಒಂದು.

ನೈಸ್‌ವಿಚ್ ಅವರ ಅತಿ ಹೆಚ್ಚು ಉಲ್ಲೇಖವಾದ ಬರಹಗಳಲ್ಲಿ 2016ರಲ್ಲಿ ನೇಥನ್ ರೊಮೆರೊ ಜೊತೆ 'ಕೆಮಿಕಲ್ ರಿವ್ಯೂಸ್'ಗೆ ಬರೆದ ಸಮೀಕ್ಷೆ ಒಂದು. ಸಾವಿರಾರು ಉಲ್ಲೇಖ. ಅದರಲ್ಲಿ ಹೊಸ ಪ್ರಯೋಗ ಇಲ್ಲ. ಮೊದಲು ನಾವು "ಓಹೋ, ರಿವ್ಯೂ ಬರೆದು ಅಂಕಿ ಏರಿಸೋದು" ಅಂತ ಮೂಗು ಮುರಿದೆವು. ಓದಿದ ಮೇಲೆ ಮಾತು ವಾಪಸ್ ತೆಗೆದುಕೊಂಡೆವು. ಯಾವ ಡೈ ಯಾವ ತರಂಗಾಂತರ ಹೀರುತ್ತೆ, ಎಷ್ಟು ಹೊತ್ತು ಉತ್ತೇಜಿತ ಸ್ಥಿತಿಯಲ್ಲಿ ಇರುತ್ತೆ, ಎಷ್ಟು ವೋಲ್ಟ್ ಬಲ, ಎಲ್ಲ ಕೋಷ್ಟಕದಲ್ಲಿದೆ. ಅದೇ ವರ್ಷ ಅವರ ಗುಂಪು ಇನ್ನೊಂದು ಮಂಕಾದ ಕೆಲಸ ಮಾಡಿತು: ಸಾಮಾನ್ಯವಾಗಿ ಬಳಸುವ ನೂರಕ್ಕೂ ಹೆಚ್ಚು ಸಾವಯವ ಅಣುಗಳ ಉತ್ಕರ್ಷಣ-ಅಪಕರ್ಷಣ ವೋಲ್ಟೇಜ್ ಅಳೆದು, ಕಂಪ್ಯೂಟರ್ ಲೆಕ್ಕದ ಜೊತೆ ಹೋಲಿಸಿ ಪ್ರಕಟಿಸಿತು. ಪ್ರಶಸ್ತಿ ಬರುವ ಕೆಲಸ ಅಲ್ಲ. ನಮಗೆ ಸ್ಟೀಮ್ ಟೇಬಲ್ ಇದ್ದ ಹಾಗೆ ಈ ಕ್ಷೇತ್ರದವರಿಗೆ ಅದು. ಸ್ಟೀಮ್ ಟೇಬಲ್ ಬರೆದವರ ಹೆಸರು ನಮ್ಮಲ್ಲಿ ಯಾರಿಗೂ ಬರಲ್ಲ, ಅದಿಲ್ಲದೆ ಥರ್ಮೋ ಪೇಪರ್ ಬರೆಯೋಕೂ ಆಗಲ್ಲ. ಮೇಡಂ ಪ್ರಶ್ನೆಗೆ ನಮಗೆ ಸಿಕ್ಕ ಅತ್ಯಂತ ನೇರ ಉತ್ತರ ಇದೇ ಅನ್ನಿಸಿತು.

ಉಲ್ಲೇಖದ ಅಂಕಿ ಹೇಳದ ಇನ್ನೊಂದು ಸಂಗತಿ ನಮ್ಮ ಕಡೆಗೇ ಬೆರಳು ತೋರಿಸುತ್ತೆ. ಲ್ಯಾಬಿನ ಚಿಕ್ಕ ಶೀಶೆಯಲ್ಲಿ ಚೆನ್ನಾಗಿ ಆಗುವ ಕ್ರಿಯೆ ಕಾರ್ಖಾನೆಯ ಟ್ಯಾಂಕಿನಲ್ಲಿ ಏನಾಗುತ್ತೆ? ಬಿಯರ್-ಲ್ಯಾಂಬರ್ಟ್ ನಿಯಮ ಹಾಕಿ. ವೇಗವರ್ಧಕದ ಮೋಲಾರ್ ಹೀರಿಕೆ 5000, ಸಾಂದ್ರತೆ 1 ಮಿಲಿಮೋಲಾರ್ ಅಂತ ಇಟ್ಟುಕೊಳ್ಳೋಣ. 2 ಮಿಲಿಮೀಟರ್ ಒಳಗೆ ಹೋಗುವಷ್ಟರಲ್ಲಿ 90% ಬೆಳಕು ಮುಗಿಯಿತು. ಒಂದು ಮೀಟರ್ ಅಗಲದ ಟ್ಯಾಂಕಿನ ಒಳಗೆಲ್ಲ ಕತ್ತಲೆ. ಅದಕ್ಕೇ ಇಲ್ಲಿ ತೆಳ್ಳನೆಯ ಕೊಳವೆಯಲ್ಲಿ ದ್ರಾವಣ ಹರಿಸಿ ಸುತ್ತ ಎಲ್‌ಇಡಿ ಹಚ್ಚುವ ಫ್ಲೋ ರಿಯಾಕ್ಟರ್‌ಗಳು ಬಂದಿರುವುದು.

ಕರೆಂಟ್ ಲೆಕ್ಕವೂ ಇದೆ. 10 ವ್ಯಾಟ್ ನೀಲಿ ಬೆಳಕು ಪೂರ್ತಿ ದ್ರಾವಣಕ್ಕೇ ಬಿದ್ದು, ಪ್ರತಿ ಫೋಟಾನ್‌ಗೂ ಒಂದೊಂದು ಅಣು ತಯಾರಾದರೂ ಒಂದು ಮೋಲ್‌ಗೆ ಸುಮಾರು 7.4 ಗಂಟೆ ಬೇಕು. ಹತ್ತು ಫೋಟಾನ್‌ಗೆ ಒಂದು ಅಣು ಅಂದರೆ ಮೂರು ದಿನ. ಫೋಟಾನ್ ಕೂಡ ದುಡ್ಡು ಕೊಟ್ಟು ತರುವ ಕಚ್ಚಾವಸ್ತುವೇ. ಇದನ್ನು ಮರೆತು "ಬೆಳಕು ಪುಕ್ಕಟೆ, ಹಸಿರು ರಸಾಯನ" ಅಂತ ಬರೆಯುವ ಲೇಖನಗಳನ್ನು ನಾವು ಬೇಕಾದಷ್ಟು ನೋಡಿದೆವು. ಅಕ್ರಿಡಿನಿಯಂ ವೇಗವರ್ಧಕದಲ್ಲಿ ಲೋಹ ಇಲ್ಲದಿರಬಹುದು, ಅದನ್ನು ತಯಾರಿಸಲು ಬೇಕಾದ ದ್ರಾವಕ, ಅದು ನಿಧಾನವಾಗಿ ಬಣ್ಣ ಕಳೆದುಕೊಂಡು ಸಾಯುವುದು, ಇವನ್ನೂ ಲೆಕ್ಕಕ್ಕೆ ಸೇರಿಸಬೇಕು. ಕೆಮಿಕಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಮೂರೂ ಬ್ರ್ಯಾಂಚಿನವರಿಗೆ ಇಲ್ಲಿ ಪ್ರಾಜೆಕ್ಟ್ ಕಾದು ಕೂತಿದೆ: ಶಾಖ ತೆಗೆಯೋದು, ಹರಿವು, ಎಲ್‌ಇಡಿ ಡ್ರೈವರ್.

ಸೆಮಿನಾರ್ ದಿನ ನಾವು ಎಚ್-ಇಂಡೆಕ್ಸ್ ಹೇಳಲಿಲ್ಲ. ಬದಲಿಗೆ ಬೋರ್ಡಿನ ಮೇಲೆ ಒಂದು ಆಲ್ಕೀನ್ ಬರೆದು, ಎರಡು ಬಣ್ಣದ ಚಾಕ್‌ನಲ್ಲಿ ಎರಡು ಸರದಿ ತೋರಿಸಿದೆವು. ಮುಗಿದ ಮೇಲೆ ಸಿ-ಸೈಕಲ್‌ನ ಒಬ್ಬ ಜೂನಿಯರ್ ಕೈ ಎತ್ತಿದ: "ಅಣ್ಣಾ, ಹಾಗಾದ್ರೆ ನಾವು ಪಿಯುಸಿನಲ್ಲಿ ಓದಿದ್ದು ತಪ್ಪಾ?" ತಪ್ಪಲ್ಲ ಅಂದೆವು. ಪ್ರೋಟಾನ್ ಮೊದಲು ಬಂದರೆ ಮಾರ್ಕೋವ್ನಿಕೋವ್ ಹೇಳಿದ್ದೇ ಇವತ್ತಿಗೂ ಸರಿ. ಅವರು ಆ ನಿಯಮ ಹೇಳಿದಾಗ ಎಲೆಕ್ಟ್ರಾನ್ ಅನ್ನುವ ಕಣವೇ ಪತ್ತೆಯಾಗಿರಲಿಲ್ಲ, ಅದನ್ನು ಮೊದಲೇ ಕಿತ್ತುಕೊಂಡರೆ ಏನಾಗುತ್ತೆ ಅಂತ ಅವರನ್ನು ಕೇಳೋರು ಯಾರೂ ಇರಲಿಲ್ಲ. ಹುಡುಗ ಸ್ವಲ್ಪ ಹೊತ್ತು ಬೋರ್ಡ್ ನೋಡಿ, "ಹಂಗಾದ್ರೆ ಸಿಇಟಿಗೆ ಹೋಗೋ ನನ್ನ ತಂಗಿಗೆ ಇದನ್ನ ಹೇಳಲ್ಲ ಬಿಡಿ" ಅಂದು ಕೂತ.